ಕೈ ಪಳಗೋದು ಯಾರ ಮೈಮೇಲೆ?

"ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ" ಅನ್ನೋ ಗಾದೆ ಕೇಳದ ಕನ್ನಡಿಗರು ಕಡಿಮೆ. ಮಗ್ಗಿ ಬಾಯಿಗೆ ಬರದಿದ್ದಾಗ ನಮ್ಮೂರ ಮೇಷ್ಟ್ರು ಹೇಳ್ತಿದ್ದದ್ದು ಇದನ್ನೇ. ಮೊದಲ ಕೆಲಸಕ್ಕೆ ಸೇರಿ, ಜಾವಾ ತಲೆಗೆ ಹತ್ತದೆ ಕೂತಿದ್ದಾಗ ಅಪ್ಪ ಫೋನಲ್ಲಿ ಹೇಳಿದ್ದೂ ಇದನ್ನೇ. ಮಾಡ್ತಾ ಮಾಡ್ತಾ ಬರುತ್ತೆ ಬಿಡು, ಕೈ ಪಳಗುತ್ತೆ ಅಂತ.

ಈ ಗಾದೆಯಲ್ಲಿ ಹಾಡುವವನೂ ನರಳುವವನೂ ಒಬ್ಬನೇ ಅಂತ ನಾವು ಅಂದುಕೊಂಡಿರ್ತೀವಿ. ಎಲ್ಲ ವಿದ್ಯೆಗಳಲ್ಲೂ ಹಾಗಿಲ್ಲ. ಕೆಲವು ವಿದ್ಯೆಗಳಲ್ಲಿ ಒಬ್ಬ ರಾಗ ಕಲೀತಾನೆ, ಪಕ್ಕದಲ್ಲಿ ಇನ್ನೊಬ್ಬ ನರಳ್ತಾನೆ. ಹಚ್ಚೆ ಹಾಕೋದು ಅಂಥ ವಿದ್ಯೆ. ಕಲಿಯುವವನ ತಪ್ಪು ಕಲಿಯುವವನ ಹತ್ತಿರ ಉಳಿಯಲ್ಲ, ಬೇರೆಯವರ ಮೈಮೇಲೆ ಉಳಿಯುತ್ತೆ. ಅದೂ ಅವರು ಬದುಕಿರೋವರೆಗೆ.

ಇದನ್ನ ನಾನು ಯೋಚನೆ ಮಾಡೋ ಹಾಗೆ ಮಾಡಿದವನು ನನ್ನ ಒಬ್ಬ ರೂಮ್‌ಮೇಟ್. ಚಾಮರಾಜಪೇಟೆಯ ಒಂದು ಹಳೇ ಮನೆಯ ಮಹಡಿ ಮೇಲೆ ನಾವಿಬ್ಬರೂ ಮೂರು ವರ್ಷ ಬಾಡಿಗೆಗೆ ಇದ್ದೆವು. ಅವನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕೋದು ಅವನ ಕೆಲಸ. ಮೀಟಿಂಗಿನಲ್ಲಿ ಕೂತಾಗ ನೋಟ್‌ಬುಕ್ಕಿನ ಅಂಚಿನಲ್ಲಿ ಬಳ್ಳಿ, ಹಕ್ಕಿ, ಕೋಲಮುಖದ ದೇವರು ಬಿಡಿಸ್ತಾ ಇರ್ತಿದ್ದ. ಒಂದು ಯುಗಾದಿ ಕಳೆದ ಮೇಲೆ ಕೆಲಸ ಬಿಟ್ಟು ಬಸವನಗುಡಿ ಕಡೆಯ ಒಂದು ಟ್ಯಾಟೂ ಸ್ಟುಡಿಯೋದಲ್ಲಿ ಶಿಷ್ಯನಾಗಿ ಸೇರಿಕೊಂಡ. ಮೊದಲ ಆರು ತಿಂಗಳು ಸಂಬಳ ಇಲ್ಲ. ಅವರಮ್ಮ ಊರಿಂದ ನನಗೆ ಫೋನ್ ಮಾಡಿ, "ಬಿಇ ಓದ್ಸಿದ್ದು ಜಾತ್ರೇಲಿ ಹಚ್ಚೆ ಹಾಕಕ್ಕಾ?" ಅಂತ ಅತ್ತರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆರು ತಿಂಗಳು ಅವನ ಕೈಗೆ ಮೆಷಿನ್ನೇ ಕೊಡಲಿಲ್ಲ. ನೆಲ ಒರೆಸೋದು, ಕುರ್ಚಿಗೂ ಮೆಷಿನ್ನಿನ ವೈರಿಗೂ ಪ್ಲಾಸ್ಟಿಕ್ ಸುತ್ತೋದು, ಪುಟಾಣಿ ಬಟ್ಟಲುಗಳಿಗೆ ಶಾಯಿ ಹಾಕೋದು, ಬಳಸಿದ ಸೂಜಿಗಳನ್ನ ಗಟ್ಟಿ ಡಬ್ಬಿಗೆ ಹಾಕಿ ಮುಚ್ಚೋದು, ಲೋಹದ ಸಾಮಾನುಗಳನ್ನ ಆಟೋಕ್ಲೇವಿನಲ್ಲಿ 121 ಡಿಗ್ರಿ ಹಬೆಗೆ ಇಡೋದು. ಉಳಿದ ಹೊತ್ತಲ್ಲಿ ಗೆರೆ ಎಳೆಯೋದು. ಪೆನ್ನಿಗೆ ತೂಕ ಕಟ್ಟಿಕೊಂಡು, ಕಾಗದದ ಮೇಲೆ, ನೆಟ್ಟಗೆ, ವೃತ್ತವಾಗಿ, ಸುಳಿಯಾಗಿ. ರೂಮಿನ ತುಂಬ ಗೆರೆಗಳ ಹಾಳೆಗಳು. ಆಮೇಲೆ ಮೆಷಿನ್ ಬಂತು; ಜೊತೆಗೆ ಗಾಂಧಿ ಬಜಾರಿನಿಂದ ಕಿತ್ತಳೆ, ಬಾಳೆಹಣ್ಣು ಬಂದವು. ಸೂಜಿ ಆಳಕ್ಕೆ ಇಳಿದರೆ ಕಿತ್ತಳೆ ರಸ ಬಿಡುತ್ತೆ, ಬಾಳೆಸಿಪ್ಪೆ ಹರಿಯುತ್ತೆ. ಅದು ಬಡವರ ಪರೀಕ್ಷೆ. ಆಮೇಲೆ ಸಿಲಿಕೋನಿನ ನಕಲಿ ಚರ್ಮ. ಬೆಳಿಗ್ಗೆ ನಾನು ಚಿತ್ರಾನ್ನ ತಿನ್ನೋ ಹೊತ್ತಿಗೆ ಟೇಬಲ್ ಮೇಲೆ ಗುಲಾಬಿ ಹೂ, ಗಣಪತಿ, ಡ್ರ್ಯಾಗನ್ ಹೊತ್ತ ರಬ್ಬರ್ ಚರ್ಮಗಳು ಒಣಗ್ತಾ ಇರ್ತಿದ್ದವು.

ಅವನು ಹೇಳ್ತಿದ್ದ: ಇಡೀ ವಿದ್ಯೆ ಇರೋದು ಒಂದೂವರೆ ಎರಡು ಮಿಲಿಮೀಟರಿನಲ್ಲಿ. ನಮ್ಮ ಚರ್ಮದ ಮೇಲಿನ ಪದರ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಉದುರಿ ಹೊಸದಾಗುತ್ತೆ. ಶಾಯಿ ಅಲ್ಲೇ ನಿಂತರೆ ಅದೂ ಉದುರಿಹೋಗುತ್ತೆ. ಅದರ ಕೆಳಗಿನ ಪದರಕ್ಕೆ ಇಳಿಸಬೇಕು. ಅದನ್ನೂ ದಾಟಿ ಕೊಬ್ಬಿಗೆ ಇಳಿದರೆ ಶಾಯಿ ಒದ್ದೆ ಕಾಗದದ ಮೇಲಿನ ಇಂಕಿನ ಹಾಗೆ ಹರಡಿ, ಗೆರೆಯ ಸುತ್ತ ನೀಲಿ ಮಬ್ಬು ನಿಂತುಬಿಡುತ್ತೆ. ಸರಿಯಾದ ಪದರಕ್ಕೆ ಬಿದ್ದ ಶಾಯಿಯನ್ನ ಮೈಯ ಕಾವಲು ಕಣಗಳು ಬಂದು ನುಂಗ್ತವೆ, ಆದರೆ ಅರಗಿಸಿಕೊಳ್ಳೋಕೆ ಆಗಲ್ಲ. ಆ ಕಣ ಸತ್ತರೆ ಶಾಯಿ ಹೊರಗೆ ಬೀಳುತ್ತೆ, ಪಕ್ಕದಲ್ಲಿ ಹೊಸದಾಗಿ ಬಂದ ಕಣ ಮತ್ತೆ ನುಂಗುತ್ತೆ. 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಅಂದರೆ ಹಚ್ಚೆ ಬರೀ ಬಣ್ಣ ಬಳಿದ ಹಾಗೆ ಅಲ್ಲ. ಮೈ ತನಗೇ ಗೊತ್ತಿಲ್ಲದೆ ಅದನ್ನ ದಿನವೂ ಹಿಡಿದಿಟ್ಟುಕೊಳ್ತಾ ಇರುತ್ತೆ. ಚೆನ್ನಾಗಿರೋ ಗೆರೆಯನ್ನೂ ಹಿಡಿದಿಡುತ್ತೆ, ಕೆಟ್ಟ ಗೆರೆಯನ್ನೂ ಅಷ್ಟೇ ನಿಷ್ಠೆಯಿಂದ ಹಿಡಿದಿಡುತ್ತೆ.

ಎಂಟನೇ ತಿಂಗಳು ಅವನು ತನ್ನ ತೊಡೆಯ ಮೇಲೆ ತಾನೇ ಮೊದಲ ಹಚ್ಚೆ ಹಾಕಿಕೊಂಡ. ಅದಾಗಿ ಕೆಲವು ವಾರಕ್ಕೆ ಒಂದು ರಾತ್ರಿ ನನ್ನನ್ನ ಕೇಳಿದ: "ಮಗಾ, ಕೈ ಕೊಡ್ತೀಯಾ?"

ಕನ್ನಡದಲ್ಲಿ ಈ ಮಾತಿಗೆ ಎರಡು ಅರ್ಥ. ಕೈ ಕೊಡೋದು ಅಂದರೆ ನೆರವಾಗೋದೂ ಹೌದು, ನಡುನೀರಿನಲ್ಲಿ ಬಿಟ್ಟುಹೋಗೋದೂ ಹೌದು. ಅವತ್ತು ನಾನು ಯೋಚಿಸಿ ಹೇಳ್ತೀನಿ ಅಂದೆ. ಯೋಚಿಸೋಕೆ ಕೂತಾಗ ಇದು ಬರೀ ನನ್ನ ಕೈಯ ಪ್ರಶ್ನೆ ಅಲ್ಲ ಅಂತ ಗೊತ್ತಾಯ್ತು.

ಸುತ್ತ ನೋಡಿ. ನಮ್ಮ ಊರಿನ ಹಳೇ ಬಡಾವಣೆಗಳಲ್ಲಿ ಕಲಿಯುವ ಕೈಗಳು ಎಲ್ಲೆಲ್ಲೂ ಇವೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ, 1943ರಿಂದ ನಡೀತಿರೋ ಹೋಟೆಲು ಅದು, ಸಪ್ಲೈಯರ್ ತೋಳಿನ ಮೇಲೆ ದೋಸೆ ತಟ್ಟೆಗಳನ್ನ ಒಂದರ ಮೇಲೊಂದು ಜೋಡಿಸಿಕೊಂಡು ಬರೋದನ್ನ ನೋಡೋಕೇ ಜನ ಹೋಗ್ತಾರೆ. ಕಲಿಯೋವಾಗ ತಟ್ಟೆ ಜಾರಿದರೆ ದೋಸೆ ಹೋಯ್ತು, ಇನ್ನೊಂದು ಹುಯ್ದರಾಯ್ತು. ಮಲ್ಲೇಶ್ವರದ ಯಾವುದೋ ಕ್ರಾಸಿನಲ್ಲಿ ಸಂಗೀತ ಕಲಿಯೋ ಹುಡುಗಿ ಅಪಸ್ವರ ಹಾಡಿದರೆ ಅದು ಗಾಳಿಯಲ್ಲಿ ಹೋಯ್ತು. ಟೈಲರ್ ಹತ್ತಿರ ಕೆಲಸ ಕಲಿಯೋ ಹುಡುಗ ಬಟ್ಟೆ ತಪ್ಪಾಗಿ ಕತ್ತರಿಸಿದರೆ ಬಟ್ಟೆಯ ದುಡ್ಡು ಹೋಯ್ತು. ಕಟಿಂಗ್ ಶಾಪಿನಲ್ಲಿ ಹೊಸ ಹುಡುಗ ಕೈ ಆಡಿಸಿದರೆ ಎರಡು ವಾರ ಟೋಪಿ ಹಾಕ್ಕೋಬೇಕು, ಅಷ್ಟೇ, ಕೂದಲು ಬೆಳೆಯುತ್ತೆ. ನಮ್ಮ ಸಾಫ್ಟ್‌ವೇರ್ ಕಸುಬಂತೂ ಈ ವಿಷಯದಲ್ಲಿ ಪುಣ್ಯ ಮಾಡಿದೆ. ಕಲಿಯೋಕೆ ಬೇರೆ ಸರ್ವರ್, ಪರೀಕ್ಷೆಗೆ ಬೇರೆ ಸರ್ವರ್, ತಪ್ಪಾದರೆ ಹಿಂದಿನ ವರ್ಷನ್ನಿಗೆ ವಾಪಸ್.

ಹಚ್ಚೆಗೆ ಹಿಂದಿನ ವರ್ಷನ್ ಇಲ್ಲ. ಲೇಸರಿನಲ್ಲಿ ತೆಗೆಸಬಹುದು ಅಂತೀರಾ? ಹಾಕಿಸೋದಕ್ಕಿಂತ ಎಷ್ಟೋ ಪಟ್ಟು ದುಡ್ಡು, ಹಲವು ಸಲದ ಓಡಾಟ, ಹಾಕಿಸೋದಕ್ಕಿಂತ ಜಾಸ್ತಿ ಉರಿ. ಆಮೇಲೂ ಕೆಲವು ಬಣ್ಣ ಪೂರ್ತಿ ಹೋಗಲ್ಲ.

ಹಾಗಾದರೆ ಪೂರ್ತಿ ಪಳಗೋವರೆಗೂ ರಬ್ಬರ್ ಮೇಲೇ ಕಲಿಯಲಿ ಅನ್ನಿಸುತ್ತೆ ಅಲ್ವಾ? ನಾನೂ ಅವನಿಗೆ ಅದನ್ನೇ ಹೇಳಿದೆ. ಅವನು ನಕ್ಕ. "ರಬ್ಬರ್ ಉಸಿರಾಡಲ್ಲ ಮಾರಾಯ. ಅದಕ್ಕೆ ನೋವಾಗಲ್ಲ, ಕೈ ಹಿಂದಕ್ಕೆ ಎಳ್ಕೊಳ್ಳಲ್ಲ, ರಕ್ತ ಒಸರಲ್ಲ, ಊದಿಕೊಳ್ಳಲ್ಲ. ನಿನ್ನ ಮೊಣಕೈ ಹತ್ರದ ಚರ್ಮ ಒಂಥರ, ಒಳಗೈದು ಇನ್ನೊಂಥರ. ಎಡಗೈಲಿ ಚರ್ಮ ಎಳೆದು ಹಿಡಿಯೋದೇ ಅರ್ಧ ಕೆಲಸ. ಅದನ್ನ ರಬ್ಬರ್ ಹೇಳ್ಕೊಡಲ್ಲ." ಈಜು ಬರೋವರೆಗೂ ನೀರಿಗೆ ಇಳಿಯಲ್ಲ ಅಂದ ಹಾಗಾಯ್ತು ನನ್ನ ಮಾತು. ಎಷ್ಟೇ ಕಿತ್ತಳೆ ಕೊರೆದರೂ ಒಂದು ದಿನ ಮೊದಲನೇ ಮನುಷ್ಯ ಆ ಕುರ್ಚಿಯ ಮೇಲೆ ಕೂರಲೇಬೇಕು. ಇವತ್ತು ಕಣ್ಣುಮುಚ್ಚಿ ನಂಬಬಹುದಾದ ಪ್ರತಿಯೊಂದು ಪಳಗಿದ ಕೈಯ ಹಿಂದೆ ಒಂದು ಮೊದಲನೇ ಚರ್ಮ ಇದ್ದೇ ಇರುತ್ತೆ.

ಆದ್ದರಿಂದ ಕಲಿಯುವವರು ಬೇರೆಯವರ ಮೈಮೇಲೆ ಕಲಿಯಬಹುದಾ ಅನ್ನೋದು ಪ್ರಶ್ನೆಯೇ ಅಲ್ಲ. ಕಲಿಯಲೇಬೇಕು, ಇಲ್ಲಾಂದ್ರೆ ಒಂದು ತಲೆಮಾರಿಗೆ ಆ ವಿದ್ಯೆ ಮುಗೀತು. ನಿಜವಾದ ಪ್ರಶ್ನೆ ಯಾರ ಮೈಮೇಲೆ, ಯಾರಿಗೆ ಗೊತ್ತಿದ್ದು, ಯಾರು ಒಪ್ಪಿ?

ಇದಕ್ಕೆ ಹಳೇ ಕಾಲ ಏನು ಉತ್ತರ ಕೊಟ್ಟಿತ್ತು ನೋಡೋಣ. ನಮ್ಮಜ್ಜಿಯ ಎರಡೂ ಮುಂಗೈ ಮೇಲೆ ಹಚ್ಚೆ ಇತ್ತು. ಒಂದರಲ್ಲಿ ರಂಗೋಲಿಯ ಚುಕ್ಕಿ, ತುಳಸಿಕಟ್ಟೆ. ಇನ್ನೊಂದರಲ್ಲಿ ಒಂದು ಚೇಳು. ಹಳೇ ಮೈಸೂರು ಸೀಮೆಯಲ್ಲಿ ಹಚ್ಚೆ ಹೊಯ್ಯುತ್ತಿದ್ದವರು ಹೆಚ್ಚಾಗಿ ಊರೂರು ತಿರುಗೋ ಕೊರಮ, ಕೊರಚ ಹೆಂಗಸರು. ಕೆಲವು ಕಡೆ ತೊಗಲುಗೊಂಬೆ ಆಡಿಸೋ ಕಿಳ್ಳೇಕ್ಯಾತರ ಹೆಂಗಸರು. ಕೊರವ ಹೆಂಗಸರ ಈ ಕಸುಬಿನ ವಿಷಯ 1909ರಲ್ಲಿ ಅಚ್ಚಾದ ಎಡ್ಗರ್ ಥರ್ಸ್ಟನ್‌ನ ಸಂಪುಟಗಳಲ್ಲೂ ಇದೆ. ಆ ಮನೆಗಳ ಹೆಣ್ಣುಮಕ್ಕಳಿಗೆ ಸಿಲಿಕೋನೂ ಇರಲಿಲ್ಲ, ಕೋರ್ಸೂ ಇರಲಿಲ್ಲ. ಅಮ್ಮನ ಪಕ್ಕದಲ್ಲಿ ಕೂತು ನೋಡೋದು, ದೀಪದ ಮಸಿ, ಸೊಪ್ಪಿನ ರಸ ಅರೆದು ಕೊಡೋದು, ಆಮೇಲೆ ಒಂದು ದಿನ ಸೂಜಿ ಹಿಡಿಯೋದು. ಅಜ್ಜಿಯ ಚೇಳಿನ ಬಾಲ ಒಂದು ಕಡೆ ಸೊಟ್ಟಗಿತ್ತು. ಯಾಕಜ್ಜಿ ಅಂದರೆ, "ಅವ್ಳ ಮಗಳ ಕೈಗೆ ಸೂಜಿ ಕೊಟ್ಟಿದ್ಲು ಕಣ್ಲಾ, ಅದೂ ಮಗ, ನಾನೂ ಮಗ" ಅಂತಿದ್ದಳು.

ಈ ಮಾತನ್ನ ಬಹಳ ದಿನ ನಾನು ಖುಷಿಯಿಂದ ಹೇಳ್ಕೊಂಡು ತಿರುಗ್ತಿದ್ದೆ. ಒಬ್ಬ ಹುಡುಗಿ ಇನ್ನೊಬ್ಬ ಹುಡುಗಿಯ ಕೈಮೇಲೆ ಕಲಿತಳು, ಎಷ್ಟು ಚೆಂದ ಅಂತ. ಆದರೆ ಅದೇ ಅಜ್ಜಿ ಇನ್ನೊಂದು ವಿಷಯವನ್ನೂ ಹೇಳ್ತಿದ್ದಳು. ಅವಳಿಗೆ ಆಗ ಒಂಬತ್ತು ವರ್ಷ. ಬೇಡ ಅಂತ ಅಟ್ಟ ಹತ್ತಿ ಕೂತಿದ್ದಳಂತೆ. ಇಬ್ಬರು ಕೆಳಗಿಳಿಸಿ, ಕೈಕಾಲು ಒತ್ತಿ ಹಿಡಿದರು. ಹಚ್ಚೆಯವಳು ನೋವು ಮರೆಯಲಿ ಅಂತ ಹಾಡು ಹೇಳಿದಳು. ಹಚ್ಚೆ ಇಲ್ಲದ ಹೆಣ್ಣನ್ನ ಯಾರು ಮದುವೆ ಆಗ್ತಾರೆ, ಸತ್ತಾಗ ಜೊತೆಗೆ ಬರೋ ಒಡವೆ ಅದೊಂದೇ ಅಂತ ಮನೆಯವರ ವಾದ. ಅಜ್ಜಿಯ "ಬೇಡ"ಕ್ಕೆ ಬೆಲೆ ಇರಲಿಲ್ಲ.

ಹಚ್ಚೆಯವಳ ಪಾಡೂ ಅಷ್ಟಕ್ಕಷ್ಟೇ. ಬ್ರಿಟಿಷರ ಕಾಲದ ಕಾನೂನು ಕೊರವ, ಕೊರಚರಂಥ ಸಮುದಾಯಗಳನ್ನ ಹುಟ್ಟಿನಿಂದಲೇ ಅಪರಾಧಿಗಳ ಪಟ್ಟಿಗೆ ಸೇರಿಸಿತ್ತು. ಅದು ರದ್ದಾಗಿದ್ದು 1952ರಲ್ಲಿ. ಮುತ್ತೈದೆತನದ ಗುರುತು ಹಾಕೋಕೆ ಅವಳ ಕೈ ಬೇಕು, ಜಗುಲಿ ದಾಟಿ ಒಳಗೆ ಬರೋಕೆ ಅವಳು ಬೇಡ. ಅದೇ ಕೆಲಸ ಇವತ್ತು ಏಸಿ ರೂಮಿನಲ್ಲಿ ಮಾಡಿದರೆ ನಾವು ಆರ್ಟಿಸ್ಟ್ ಅಂತೀವಿ.

ಹೀಗಿದ್ದೂ ಆ ವ್ಯವಸ್ಥೆಯಲ್ಲಿ ಎರಡು ಒಳ್ಳೇ ಅಂಶ ಇದ್ದವು ಅನ್ನಿಸುತ್ತೆ. ಒಂದು, ಮಗಳು ಸೂಜಿ ಹಿಡಿದಾಗ ಅಮ್ಮ ಪಕ್ಕದಲ್ಲೇ ಇದ್ದಳು. ಎರಡು, ಮುಂದಿನ ಸುಗ್ಗಿಗೆ ಅವರು ಮತ್ತೆ ಅದೇ ಊರಿಗೆ ಬರ್ತಿದ್ದರು. ತಾನು ಸೊಟ್ಟಗೆ ಹೊಯ್ದ ಬಾಲ ಆ ಹುಡುಗಿಯ ಕಣ್ಣಿಗೆ ಪ್ರತಿ ವರ್ಷ ಬೀಳ್ತಿತ್ತು. ತಪ್ಪು ಮಾಡಿ ಮಾಯ ಆಗೋಕೆ ಆಗ್ತಿರಲಿಲ್ಲ.

ಈಗಿನ ಲೆಕ್ಕ ತಿರುಗುಮುರುಗು. ಒಪ್ಪಿಗೆ ಪತ್ರ ಇದೆ, ಸಹಿ ಇದೆ, ಹದಿನೆಂಟು ತುಂಬಿದೆಯಾ ಅಂತ ಕೇಳ್ತಾರೆ, ಸೂಜಿ ಎದುರಿಗೇ ಬಿಚ್ಚಿ ತೋರಿಸ್ತಾರೆ. ಇದೆಲ್ಲ ಅಜ್ಜಿಯ ಕಾಲಕ್ಕಿಂತ ಎಷ್ಟೋ ಮೇಲು. ಒಂದೇ ಸೂಜಿ ಹತ್ತು ಜನಕ್ಕೆ ಚುಚ್ಚಿದರೆ ಹೆಪಟೈಟಿಸ್, ಎಚ್‌ಐವಿ ಹರಡಬಹುದು ಅಂತ ಎಲ್ಲರಿಗೂ ಗೊತ್ತು. ಹಚ್ಚೆ ಹಾಕಿಸಿಕೊಂಡವರು ಒಂದು ವರ್ಷ ರಕ್ತದಾನ ಮಾಡೋ ಹಾಗಿಲ್ಲ ಅನ್ನೋ ನಿಯಮ ಇರೋದೂ ಅದಕ್ಕೇ. 2025ರ ಆರಂಭದಲ್ಲಿ ಶಾಯಿಯಲ್ಲಿ ಏನೇನು ಬೆರೆತಿದೆ, ಅದಕ್ಕೊಂದು ಮಾನದಂಡ ಬೇಕು ಅಂತ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಮಾತೆತ್ತಿತು. ಒಳ್ಳೇದೇ. ಶಾಯಿಗೆ ನಿಯಮ ಬರುತ್ತೆ, ಸೂಜಿಗೆ ನಿಯಮ ಬರುತ್ತೆ. ಕೈಗೆ? ಇಷ್ಟು ವರ್ಷ ಕಲಿತವರೇ ಹಚ್ಚೆ ಹಾಕಬೇಕು ಅನ್ನೋ ಕಾನೂನು ನಮ್ಮಲ್ಲಿಲ್ಲ. ವರ್ಷಗಟ್ಟಲೆ ಗುರುವಿನ ಹತ್ತಿರ ದುಡಿದವನೂ ಆರ್ಟಿಸ್ಟ್, ಕೆಲವೇ ವಾರದ ಕೋರ್ಸಿಗೆ ದುಡ್ಡು ಕಟ್ಟಿ ಸರ್ಟಿಫಿಕೇಟ್ ತಗೊಂಡವನೂ ಆರ್ಟಿಸ್ಟ್. ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆಗೆ ಹೋಗಿ ನೋಡಿ, ಬಸವಣ್ಣನ ಗುಡಿಯ ರಸ್ತೆ ಬದಿಯಲ್ಲೂ ಬ್ಯಾಟರಿ ಮೆಷಿನ್ ಇಟ್ಟುಕೊಂಡು ಕೂತವರು ಸಿಗ್ತಾರೆ. 1876ರಲ್ಲಿ ಎಡಿಸನ್ ಪೇಟೆಂಟ್ ಪಡೆದ ವಿದ್ಯುತ್ ಪೆನ್ನನ್ನ ಮಾರ್ಪಡಿಸಿ, 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯಲ್ ಓ'ರೈಲಿ ಟ್ಯಾಟೂ ಮೆಷಿನ್ನಿಗೆ ಪೇಟೆಂಟ್ ತಗೊಂಡ. ಅದರ ಮರಿಮಕ್ಕಳು ಪರಿಷೆಯಲ್ಲೂ ಗುಂಯ್ಗುಡ್ತಾವೆ, ಸ್ಟುಡಿಯೋದಲ್ಲೂ ಗುಂಯ್ಗುಡ್ತಾವೆ. ಮೆಷಿನ್ ನೋಡಿ ಹಿಡಿದ ಕೈ ಎಂಥದು ಅಂತ ಹೇಳೋಕಾಗಲ್ಲ.

ಇದರ ನಡುವೆ ನನಗೆ ಕಾಡಿದ್ದು "ಆಫರ್" ಅನ್ನೋ ಪದ. ಕೆಲವು ಕಡೆ ಕಲಿಯುವವರ ಕೈಗೆ ಗಿರಾಕಿ ಬೇಕಾದಾಗ ಅರ್ಧ ರೇಟು, ಕಾಲು ರೇಟು ಅಂತ ಬೋರ್ಡ್ ಬೀಳುತ್ತೆ. ಯಾಕೆ ಅಗ್ಗ ಅಂತ ಬೋರ್ಡಿನಲ್ಲಿ ಇರಲ್ಲ. ಬರೋರು ಯಾರು? ಪಿಯುಸಿ ಮುಗಿಸಿದ ಹುಡುಗರು, ಡೆಲಿವರಿ ಕೆಲಸದ ಹುಡುಗರು, ಅಮ್ಮನ ಹೆಸರು ಕೈಮೇಲೆ ಬರೆಸಿಕೊಳ್ಳೋಕೆ ವರ್ಷದಿಂದ ದುಡ್ಡು ಕೂಡಿಸಿದವರು. ಅವರು ಸಹಿ ಹಾಕ್ತಾರೆ. ಆದರೆ ಯಾವುದಕ್ಕೆ? ಹಚ್ಚೆಗೆ. ಕಲಿಯುವ ಕೈಗೆ ಅಲ್ಲ. 2008ರ ಒಂದು ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ವೈದ್ಯರಿಗೆ ಇಂಥದ್ದೇ ಮಾತು ಹೇಳಿತು: ಪರೀಕ್ಷೆ ಮಾಡೋಕೆ ರೋಗಿ ಕೊಟ್ಟ ಒಪ್ಪಿಗೆಯನ್ನ ಆಪರೇಷನ್ ಮಾಡೋಕೆ ಕೊಟ್ಟ ಒಪ್ಪಿಗೆ ಅಂತ ಎಳೆಯೋ ಹಾಗಿಲ್ಲ. ಒಂದಕ್ಕೆ ಹೂಂ ಅಂದಿದ್ದು ಇನ್ನೊಂದಕ್ಕೆ ಹೂಂ ಅಂದ ಹಾಗೆ ಅಲ್ಲ. ಅಜ್ಜಿಯನ್ನ ಇಬ್ಬರು ಹಿಡಿದು ಕೂರಿಸಿದರು. ಈ ಹುಡುಗರನ್ನ ಹಿಡಿಯೋಕೆ ಯಾರೂ ಬೇಕಾಗಿಲ್ಲ, ಜೇಬು ಹಿಡಿದು ಕೂರಿಸುತ್ತೆ.

ಆಸ್ಪತ್ರೆಯ ಮಾತು ಬಂತಲ್ಲ. ನಮ್ಮ ರೂಮಿನಿಂದ ನಡೆದುಕೊಂಡು ಹೋಗೋ ದೂರದಲ್ಲಿ ವಿಕ್ಟೋರಿಯಾ ಆಸ್ಪತ್ರೆ. ಶುರುವಾಗಿದ್ದು 1900ರಲ್ಲಿ; 1955ರಲ್ಲಿ ಬಂದ ಬೆಂಗಳೂರು ಮೆಡಿಕಲ್ ಕಾಲೇಜಿನ ಹುಡುಗರು ಕಲಿಯೋದು ಅಲ್ಲೇ. ರಕ್ತ ತೆಗೆಯೋದು, ಹೊಲಿಗೆ ಹಾಕೋದು, ಹೆರಿಗೆ ಮಾಡಿಸೋದು, ಎಲ್ಲದಕ್ಕೂ ಒಂದು ಮೊದಲನೇ ಸಲ ಇರುತ್ತಲ್ಲ? ಮೇಲೆ ದೊಡ್ಡ ಡಾಕ್ಟರು ನಿಂತಿರ್ತಾರೆ, ನಿಯಮ ಇದೆ, ನಿಜ. ಆದರೂ ಆ ಮೊದಲನೇ ಸಲದ ಮೈ ಯಾರದು? ಚೀಟಿ ಮಾಡಿಸಿ ಕ್ಯೂನಲ್ಲಿ ನಿಂತವರದು. ನಮ್ಮೂರಿನಿಂದ ರಾತ್ರಿ ಬಸ್ ಹತ್ತಿ ಬಂದವರದು. ಹತ್ತು ವರ್ಷ ಆದ ಮೇಲೆ ಅದೇ ಕೈ ಪಳಗಿ, ಗಾಜಿನ ಕಟ್ಟಡದ ಆಸ್ಪತ್ರೆಯಲ್ಲಿ ಕೂತಿರುತ್ತೆ. ಕಂಪನಿಯ ಇನ್ಶೂರೆನ್ಸ್ ಕಾರ್ಡ್ ಹಿಡ್ಕೊಂಡು ಹೋದ ನಾನು, ನೀವು "ಸೀನಿಯರ್ ಡಾಕ್ಟರೇ ಬೇಕು" ಅಂತೀವಿ. ನಮಗೆ ಸಿಗೋ ಆ ನಡುಗದ ಕೈ ನಡುಗಿದ್ದು ಯಾರ ಮೈಮೇಲೆ ಅಂತ ಬಿಲ್ಲಿನಲ್ಲಿ ಬರೆದಿರಲ್ಲ.

ಹಾಗಂತ ಸೀನಿಯರ್ ಬೇಕು ಅನ್ನೋದು ತಪ್ಪಾ? ನನ್ನ ಮೈ ನನ್ನದು. ಅದನ್ನ ಕಲಿಕೆಗೆ ಕೊಡು ಅಂತ ಯಾರೂ ಹಕ್ಕಿನಿಂದ ಕೇಳೋ ಹಾಗಿಲ್ಲ. ಕೇಳಿದರೆ ನಾವು ಮತ್ತೆ ಅಜ್ಜಿಯ ಕೈಕಾಲು ಹಿಡಿದವರ ಜಾಗಕ್ಕೇ ಹೋಗ್ತೀವಿ. ಆದರೆ ನಮ್ಮ ಭಾಷೆಯಲ್ಲಿ ಹಕ್ಕು ಅನ್ನೋದರ ಪಕ್ಕದಲ್ಲೇ ಇನ್ನೊಂದು ಪದ ಇದೆ, ಋಣ. ಸಾಲವನ್ನ ಕೊಟ್ಟವನು ಬಂದು ವಸೂಲಿ ಮಾಡ್ತಾನೆ. ಋಣವನ್ನ ಯಾರೂ ವಸೂಲಿ ಮಾಡೋಕಾಗಲ್ಲ, ಹೊತ್ತವನಿಗೇ ಅದರ ಭಾರ ಗೊತ್ತಾಗಬೇಕು. ಬೇಕಾದರೆ ಕೊಟ್ಟವರಿಗೇ ವಾಪಸ್ ಕೊಡಬೇಕು ಅಂತಲೂ ಇಲ್ಲ, ಮುಂದಿನವರಿಗೆ ತೀರಿಸಬಹುದು. ಮೊದಲನೇ ಚರ್ಮ ಕೊಟ್ಟವರ ಹೆಸರು ನಮಗೆ ಗೊತ್ತಿಲ್ಲ. ಅವರಿಗೆ ತೀರಿಸೋ ದಾರಿ ಮುಂದಿನ ಕಲಿಯುವ ಕೈಗೆ ನಾವು ಯಾವಾಗಲಾದರೂ ಒಂದು ಸಲ ಕೂರೋದೇ.

ಕಲಿಯುವವನಿಗೂ ಕೆಲವು ಕಟ್ಟುಪಾಡು ಬೇಕು. ನನ್ನ ರೂಮ್‌ಮೇಟ್‌ನ ಗುರು ಅದನ್ನ ಉಪನ್ಯಾಸದ ಹಾಗೆ ಹೇಳಲಿಲ್ಲ, ಮಾಡಿಸ್ತಿದ್ದರು. ಮೊದಲು ನಿನ್ನ ಮೈ, ಆಮೇಲೆ ಬೇರೆಯವರದು. ತೊಡೆಯ ಮೇಲೇ ಯಾಕೆ ಅಂದರೆ ಎರಡೂ ಕೈಗೆ ಎಟುಕುತ್ತೆ, ಪ್ಯಾಂಟಿನೊಳಗೆ ಮುಚ್ಚಿಹೋಗುತ್ತೆ. ಆದರೆ ಅದಕ್ಕಿಂತ ದೊಡ್ಡ ಕಾರಣ, ಸೂಜಿ ತೀರಾ ಆಳ ಹೋದರೆ ಎಷ್ಟು ಉರಿಯುತ್ತೆ ಅಂತ ಮೊದಲು ತನಗೇ ಗೊತ್ತಾಗುತ್ತೆ. ಜಪಾನಿನ ಹಳೇ ಪರಂಪರೆಯಲ್ಲೂ ಶಿಷ್ಯರು ತಮ್ಮ ಕಾಲಿನ ಮೇಲೇ ಅಭ್ಯಾಸ ಮಾಡ್ತಿದ್ದರಂತೆ. ಎರಡನೇದು, ನಿಜ ಹೇಳು. ಇದು ನನ್ನ ಎಷ್ಟನೇ ಹಚ್ಚೆ ಅಂತ ಕೇಳೋ ಮೊದಲೇ ಹೇಳು. ಮೂರನೇದು, ಚಿಕ್ಕದು ಮಾಡು, ಮುಚ್ಚಬಹುದಾದ ಜಾಗದಲ್ಲಿ ಮಾಡು. ನಾಲ್ಕನೇದು, ಗುರು ಪಕ್ಕದಲ್ಲಿ ಇರಬೇಕು. ಕೆಟ್ಟರೆ ಸರಿಮಾಡಿಕೊಡೋ ಖರ್ಚು, ಹೊತ್ತು ಗುರುವಿನದು. ಇದು ಬಹಳ ಮುಖ್ಯ ಅನ್ನಿಸ್ತು ನನಗೆ. ಶಿಷ್ಯನ ದುಡಿಮೆಯ ಲಾಭ ತಗೊಳ್ಳೋ ಅಂಗಡಿ ಶಿಷ್ಯನ ತಪ್ಪಿನ ನಷ್ಟವನ್ನ ಗಿರಾಕಿಯ ಚರ್ಮಕ್ಕೆ ದಾಟಿಸಬಾರದು.

ನಾನು ಏನು ಮಾಡಿದೆ ಅಂತ ಕೇಳ್ತೀರಿ. ಒಂದು ಭಾನುವಾರ ಅವನ ತೊಡೆ ತೋರಿಸು ಅಂದೆ. ಶುರುವಿನ ಗೆರೆಗಳಲ್ಲಿ ಎರಡು ಕಡೆ ನೀಲಿ ಮಬ್ಬು ಹರಡಿತ್ತು, ಕೊನೆಯವು ಸ್ವಚ್ಛವಾಗಿದ್ದವು. "ನೀನು ನಾಲ್ಕನೆಯವನು" ಅಂದ. ಕೈ ಬೇಡ, ಮೀನಖಂಡ ತಗೋ ಅಂದೆ. ಒಂದು ರಾಗಿ ತೆನೆ, ಹೆಬ್ಬೆರಳಿನಷ್ಟು ಉದ್ದ. ಗುರು ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತಿದ್ದರು, ನಡುವೆ ಒಂದು ಸಲ "ತಡಿ" ಅಂದು ಅವನ ಎಡಗೈ ಸರಿಮಾಡಿದರು. ಗಂಟೆಯ ಮೇಲೆ ಹಿಡೀತು. ಉರಿ ಇತ್ತು, ಇರುವೆ ಸಾಲು ಕಚ್ಚಿದ ಹಾಗೆ. ತೆನೆಯ ಕಡ್ಡಿಯಲ್ಲಿ ಒಂದು ಕಡೆ ಗೆರೆ ಸ್ವಲ್ಪ ಅದುರಿದೆ. ಸರಿಮಾಡ್ತೀನಿ ಅಂತ ಅವನು ಎಷ್ಟೋ ಸಲ ಕರೆದ. ಅದು ನಿನಗೆ ಲೆಕ್ಕ ಇರಲಿ ಬಿಡು ಅಂದಿದ್ದೀನಿ. ಈಗ ಅವನ ಕೈ ಪಳಗಿದೆ, ಅಪಾಯಿಂಟ್‌ಮೆಂಟ್ ಸಿಗೋಕೆ ತಿಂಗಳು ಕಾಯಬೇಕು. ಅವರಮ್ಮ ತಮ್ಮ ಮುಂಗೈಯ ಹಳೇ ಹಚ್ಚೆಯನ್ನ ಅವನಿಂದಲೇ ತಿದ್ದಿಸಿಕೊಂಡರು.

ಈಗ ಅವನ ಹತ್ತಿರವೂ ಒಬ್ಬಳು ಶಿಷ್ಯೆ ಇದ್ದಾಳೆ. ಅವಳ ಹಚ್ಚೆಗೆ ರೇಟು ಕಡಿಮೆ, ಯಾಕೆ ಕಡಿಮೆ ಅಂತ ಗೋಡೆಯ ಮೇಲೆ ಕನ್ನಡದಲ್ಲೇ ದೊಡ್ಡದಾಗಿ ಬರೆದು ಹಾಕಿದ್ದಾನೆ: ಇವರು ಕಲಿಯುತ್ತಿದ್ದಾರೆ. ಸಮಸ್ಯೆ ಮುಗೀತು ಅಂದುಕೊಂಡಿದ್ದೆ. ಮೊನ್ನೆ ಸಿಕ್ಕಾಗ ಹೇಳಿದ, ಬೋರ್ಡ್ ಓದಿದ ಮೇಲೂ ಅವಳ ಕುರ್ಚಿಗೆ ಬರೋರು ಅದೇ ಹುಡುಗರಂತೆ. "ಪರವಾಗಿಲ್ಲಣ್ಣ, ನಮ್ಗೆ ಇಷ್ಟೇ ಆಗೋದು" ಅಂತಾರಂತೆ. ನಿಜ ಹೇಳಿ ಆಯ್ತು, ಅವರು ಒಪ್ಪಿಯೂ ಆಯ್ತು. ಆದರೂ ನಮ್ಮ ಆಫೀಸಿನಿಂದ ಬರೋ ಗಿರಾಕಿಗಳೆಲ್ಲ ಅವನ ಕುರ್ಚಿಗೆ, ಡೆಲಿವರಿ ಹುಡುಗರೆಲ್ಲ ಅವಳ ಕುರ್ಚಿಗೆ. ಬೋರ್ಡಿನಿಂದ ಇದು ಬಗೆಹರಿಯಲ್ಲ. ನಮ್ಮಲ್ಲಿ ನಾಲ್ಕು ಜನ, ಪೂರ್ತಿ ರೇಟು ಕೊಡೋ ಶಕ್ತಿ ಇರೋರು, ಬೋರ್ಡ್ ಓದಿ, ಅವಳ ಹಳೇ ಕೆಲಸ ನೋಡಿ, ಆ ಕುರ್ಚಿಯ ಮೇಲೆ ಹೋಗಿ ಕೂರಬೇಕು. ಯಾರೂ ಕೂರಲೇಬೇಕು ಅಂತಿಲ್ಲ. ಮನಸ್ಸಿದ್ದರೆ ಹೇಳಿ, ಶಿಷ್ಯೆಗೆ ಶನಿವಾರ ಬೆಳಿಗ್ಗೆ ಬಿಡುವಿರುತ್ತೆ.